ಬತ್ತದ ಕರುಣೆ: ಶುಶ್ರೂಷೆ ಮಾಡುವವರಿಗಾಗಿ ಬೌದ್ಧ ಚಿಂತನೆಯಿಂದ ಕೆಲವು ಮಾತು

ಮನೆಯಲ್ಲಿ ಒಬ್ಬರು ದೀರ್ಘಕಾಲ ಹಾಸಿಗೆ ಹಿಡಿದರೆ ಅವರ ಜೊತೆಗೆ ಇನ್ನೊಬ್ಬರ ಆರೋಗ್ಯವೂ ಸದ್ದಿಲ್ಲದೆ ಕುಸಿಯತೊಡಗುತ್ತದೆ. ಪಾರ್ಶ್ವವಾಯುವಿಗೆ ತುತ್ತಾದ ತಂದೆ, ಮರೆವಿನ ಕಾಯಿಲೆಯ ಅತ್ತೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಪತಿ, ಮತ್ತೆಮತ್ತೆ ಡಯಾಲಿಸಿಸ್‌ಗೆ ಹೋಗಬೇಕಾದ ಮಗ, ಇವರನ್ನು ಬಂಧುಗಳು ಬಂದು ವಿಚಾರಿಸುತ್ತಾರೆ, ವೈದ್ಯರು ಪರೀಕ್ಷಿಸುತ್ತಾರೆ. ಅವರ ಮಗ್ಗುಲು ಬದಲಿಸುವ, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವ, ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಸೊಸೆಯನ್ನೋ ಮಗಳನ್ನೋ ವಿಚಾರಿಸುವವರು ವಿರಳ. ಅವರಿಗೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಊಟ ರುಚಿಸದು. ಸಣ್ಣ ಮಾತಿಗೆ ಸಿಟ್ಟು, ಸಿಟ್ಟಿನ ಬೆನ್ನಿಗೇ ಪಶ್ಚಾತ್ತಾಪ. ಕೊನೆಗೊಂದು ದಿನ ತಾನು ಪ್ರೀತಿಸಿದ ಜೀವದ ನರಳಿಕೆ ಕಿವಿಗೆ ಬಿದ್ದರೂ ಮನಸ್ಸಿನಲ್ಲಿ ಏನೂ ಏಳದಂಥ ಒಣ ಸ್ಥಿತಿ ಬರುತ್ತದೆ. ತಮ್ಮೊಳಗಿನ ದಯೆಯೇ ಬತ್ತಿಹೋಯಿತೇ ಎಂದು ಅವರು ಒಳಗೊಳಗೇ ಹೆದರುತ್ತಾರೆ. ಈ ಬಾರಿಯ ಆರೋಗ್ಯ ವಿಭಾಗವನ್ನು ನಾವು ಅಂಥವರಿಗೆ ಮೀಸಲಿಟ್ಟಿದ್ದೇವೆ.

ಬಸವಾದಿ ಶರಣರು ದಯೆಗೆ ಧರ್ಮದಲ್ಲಿ ಕೊಟ್ಟ ಸ್ಥಾನವನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವರೆಲ್ಲ ಅದನ್ನು ಉಂಡೇ ಬಲ್ಲರು. ಹಾಗಿದ್ದೂ ಇಲ್ಲಿ ಬೌದ್ಧರ ಮಾತನ್ನು ಎತ್ತಿಕೊಳ್ಳಲು ಕಾರಣವಿದೆ. ಕರುಣೆಯುಳ್ಳ ಮನಸ್ಸು ಏಕೆ ದಣಿಯುತ್ತದೆ, ದಣಿಯದಂತೆ ಅದನ್ನು ಹೇಗೆ ರೂಢಿಸಬೇಕು ಎಂಬ ಪ್ರಶ್ನೆಯನ್ನು ಅವರು ವೈದ್ಯನೊಬ್ಬ ರೋಗಲಕ್ಷಣಗಳನ್ನು ವಿಂಗಡಿಸುವಷ್ಟು ಶ್ರದ್ಧೆಯಿಂದ ಪರಿಶೀಲಿಸಿದ್ದಾರೆ. ಒಳ್ಳೆಯ ಔಷಧಿ ಯಾರ ಅಂಗಳದಲ್ಲಿ ಬೆಳೆದರೂ ಔಷಧಿಯೇ.

ಮೊದಲು ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗವನ್ನು ನೋಡೋಣ. ಭಿಕ್ಷುವೊಬ್ಬ ಅತಿಸಾರದಿಂದ ನಿತ್ರಾಣನಾಗಿ ತನ್ನ ಮಲಮೂತ್ರಗಳ ನಡುವೆಯೇ ಬಿದ್ದಿದ್ದ. ಅವನಿಂದ ಇತರ ಭಿಕ್ಷುಗಳಿಗೆ ಯಾವ ಉಪಯೋಗವೂ ಇರಲಿಲ್ಲವಾದ್ದರಿಂದ ಯಾರೂ ಅವನತ್ತ ಸುಳಿದಿರಲಿಲ್ಲ. ವಸತಿಗಳನ್ನು ನೋಡುತ್ತ ಬಂದ ಬುದ್ಧ ಆನಂದನಿಂದ ನೀರು ತರಿಸಿದ. ಬುದ್ಧ ತನ್ನ ಕೈಯಿಂದಲೇ ನೀರು ಹೊಯ್ದ, ಆನಂದ ಆ ಭಿಕ್ಷುವಿನ ಮೈ ತೊಳೆದ. ಇಬ್ಬರೂ ತಲೆ, ಕಾಲು ಹಿಡಿದೆತ್ತಿ ಅವನನ್ನು ಹಾಸಿಗೆಯ ಮೇಲೆ ಮಲಗಿಸಿದರು. ಅನಂತರ ಬುದ್ಧ ಸಂಘವನ್ನು ಕರೆಸಿ, ಮನೆಮಠ ಬಿಟ್ಟು ಬಂದ ನಿಮಗೆ ತಾಯಿತಂದೆಗಳಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ತಾರು ನೋಡಿಕೊಂಡಾರು ಎಂಬ ಅರ್ಥದಲ್ಲಿ ತಿಳಿಹೇಳಿದ. ತನಗೆ ಸೇವೆ ಮಾಡಬಯಸುವವನು ರೋಗಿಗೆ ಸೇವೆ ಮಾಡಲಿ ಎಂದ. ಜಂಗಮಸೇವೆಯನ್ನು ಬಲ್ಲ ನಮ್ಮ ಭಕ್ತರಿಗೆ ಈ ಮಾತಿನ ತಿರುಳು ಕೂಡಲೇ ತಿಳಿಯುತ್ತದೆ.

ಪ್ರಸಂಗ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು ನಮಗೆ ವಿಶೇಷವಾಗಿ ಕಾಣುತ್ತದೆ. ಒಳ್ಳೆಯ ಶುಶ್ರೂಷಕನಿಗೆ ಏನೇನು ಇರಬೇಕೆಂದು ಅದೇ ಸಂದರ್ಭದಲ್ಲಿ ಹೇಳಲಾಗಿದೆ. ಔಷಧಿ ಸಿದ್ಧಪಡಿಸಲು ಬರಬೇಕು. ಪಥ್ಯ ಯಾವುದು, ಅಪಥ್ಯ ಯಾವುದು ಎಂದು ತಿಳಿದಿರಬೇಕು. ಲಾಭದ ಆಸೆಯಿಂದಲ್ಲದೆ ಮೈತ್ರಿಯಿಂದ ಉಪಚರಿಸಬೇಕು. ಮಲ, ಮೂತ್ರ, ಉಗುಳು, ವಾಂತಿಗಳನ್ನು ತೆಗೆಯಲು ಹೇಸಬಾರದು. ಆಗಾಗ ಒಳ್ಳೆಯ ಮಾತಿನಿಂದ ರೋಗಿಯ ಮನಸ್ಸನ್ನು ಅರಳಿಸಬಲ್ಲವನಾಗಿರಬೇಕು. ಮೊದಲೆರಡೂ ತಿಳಿವಳಿಕೆಗೆ ಸೇರಿದ ಗುಣಗಳು, ಭಾವನೆಗೆ ಸೇರಿದವಲ್ಲ ಎಂಬುದನ್ನು ಗಮನಿಸಬೇಕು. ರೋಗಿಯ ಪಕ್ಕದಲ್ಲಿ ಕುಳಿತು ಕಣ್ಣೀರಿಡಬೇಕು ಎಂಬ ಮಾತು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ರೋಗಿಗೂ ಅಲ್ಲಿ ಕರ್ತವ್ಯಗಳುಂಟು: ಪಥ್ಯ ಪಾಲಿಸುವುದು, ಔಷಧಿ ಸೇವಿಸುವುದು, ನೋವು ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂಬುದನ್ನು ಮುಚ್ಚಿಡದೆ ಹೇಳುವುದು. ಸಕ್ಕರೆ ಕಾಯಿಲೆಯಿದ್ದೂ ಮದುವೆ ಮನೆಯಲ್ಲಿ ಹೋಳಿಗೆಗೆ ಕೈಚಾಚುವ ನಮ್ಮ ಹಿರಿಯರಿಗೆ ಇದನ್ನು ಓದಿ ಹೇಳಿದರೆ ತಪ್ಪೇನೂ ಇಲ್ಲ.

ಇನ್ನು ದಣಿವಿನ ಮೂಲಕ್ಕೆ ಬರೋಣ. ಕ್ರಿಸ್ತಶಕ 5ನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದ ಮಹಾವಿಹಾರದಲ್ಲಿದ್ದ ಬುದ್ಧಘೋಷಾಚಾರ್ಯರು ಪಾಲಿ ಭಾಷೆಯಲ್ಲಿ ‘ವಿಸುದ್ಧಿಮಗ್ಗ’ ಎಂಬ ಮಹಾಗ್ರಂಥವನ್ನು ರಚಿಸಿದರು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಬ್ರಹ್ಮವಿಹಾರಗಳಿಗೆ ಅದರಲ್ಲಿ ಒಂದು ಅಧ್ಯಾಯವೇ ಮೀಸಲು. ಪತಂಜಲಿಯ ಯೋಗಸೂತ್ರದಲ್ಲಿಯೂ ಚಿತ್ತಪ್ರಸಾದಕ್ಕೆ ಸಾಧನವಾಗಿ ಇವೇ ನಾಲ್ಕು ಹೆಸರುಗಳು ಬರುತ್ತವೆ. ಹಾಗಾಗಿ ಯೋಗಾಭ್ಯಾಸಿಗಳಿಗೆ ಇವು ಅಪರಿಚಿತವಲ್ಲ. ಈ ಪ್ರತಿಯೊಂದು ಗುಣಕ್ಕೂ ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು ಇದೆ ಎನ್ನುತ್ತಾರೆ ಬುದ್ಧಘೋಷರು. ಕರುಣೆಯ ದೂರದ ಶತ್ರು ಕ್ರೌರ್ಯ. ಅದನ್ನು ಯಾರಾದರೂ ಗುರುತಿಸಬಲ್ಲರು. ಅದು ಎದುರಿನಿಂದಲೇ ಬರುತ್ತದೆ. ಹತ್ತಿರದ ಶತ್ರು ಶೋಕ. ಅದು ಕರುಣೆಯ ವೇಷದಲ್ಲಿಯೇ ಬಂದು ಮನೆಯೊಳಗೆ ಕೂರುತ್ತದೆ. ನಾವು ಅದನ್ನೇ ಕರುಣೆಯೆಂದು ಭಾವಿಸಿ ಉಪಚರಿಸುತ್ತೇವೆ.

ಭೇದ ಸೂಕ್ಷ್ಮವಾದರೂ ಪರಿಣಾಮ ಸೂಕ್ಷ್ಮವಲ್ಲ. ತಾಯಿಯ ನೋವನ್ನು ಕಂಡ ಮಗಳು ತಾನೂ ಅದೇ ನೋವಿನಲ್ಲಿ ಮುಳುಗಿದರೆ ಆ ಮನೆಯಲ್ಲಿ ನೊಂದವರು ಇಬ್ಬರಾದರು, ಎತ್ತುವವರು ಯಾರೂ ಉಳಿಯಲಿಲ್ಲ. ಕರುಣೆಯೆಂದರೆ ನೋವು ನೀಗಲಿ ಎಂಬ ಹಾರೈಕೆ ಮತ್ತು ಅದರತ್ತ ಚಾಚಿದ ಕೈ. ಅದರ ದೃಷ್ಟಿ ನೊಂದವರ ಮೇಲಿರುತ್ತದೆ. ಶೋಕದ ದೃಷ್ಟಿಯಾದರೋ ಮೆಲ್ಲಗೆ ತನ್ನ ಕಡೆಗೇ ತಿರುಗಿಕೊಳ್ಳುತ್ತದೆ: ನನಗೆ ಇದನ್ನು ನೋಡಲಾಗದು, ನನ್ನಿಂದ ಸಹಿಸಲಾಗದು, ನನಗೇ ಏಕೆ ಹೀಗಾಯಿತು. ಅತ್ತವರೆಲ್ಲ ತಪ್ಪಿತಸ್ಥರೆಂದು ಇದರ ಅರ್ಥವಲ್ಲ. ಅಳು ಬಂದರೆ ಅಳಬೇಕು. ಆದರೆ ಅಳದ ದಿನ ದಯೆ ಸತ್ತಿತೆಂದು ಯಾರೂ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ.

ನಾಲ್ಕನೆಯ ಗುಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಇಂದಿನ ಕನ್ನಡದಲ್ಲಿ ಉಪೇಕ್ಷೆಯೆಂದರೆ ಅಸಡ್ಡೆ, ಕಡೆಗಣಿಸುವಿಕೆ. ಸ್ವಾರಸ್ಯವೆಂದರೆ, ಬುದ್ಧಘೋಷರು ಉಪೇಕ್ಷೆಗೆ ಹತ್ತಿರದ ಶತ್ರು ಎಂದು ಹೆಸರಿಸಿದ್ದು ಏನೂ ಅರಿಯದ ಅಸಡ್ಡೆಯನ್ನೇ. ನಮ್ಮ ಆಡುಮಾತಿನಲ್ಲಿ ಶತ್ರುವೇ ಮನೆಯೊಡೆಯನಾಗಿಬಿಟ್ಟಿದ್ದಾನೆ! ಮೂಲದಲ್ಲಿ ಅದರ ಅರ್ಥ ಸಮಚಿತ್ತದಿಂದ ನೋಡುವುದು. ಇದನ್ನು ತಿಳಿಸಲು ಗ್ರಂಥ ಒಬ್ಬ ತಾಯಿಯ ಹೋಲಿಕೆ ಕೊಡುತ್ತದೆ. ಅವಳಿಗೆ ನಾಲ್ವರು ಮಕ್ಕಳು: ಒಬ್ಬ ಎಳೆಯ ಕೂಸು, ಒಬ್ಬ ರೋಗಿ, ಒಬ್ಬ ತುಂಬು ಯೌವನದವ, ಒಬ್ಬ ತನ್ನ ಉದ್ಯೋಗದಲ್ಲಿ ನೆಲೆನಿಂತವ. ಕೂಸು ಬೆಳೆಯಲೆಂದು ಅವಳು ಬಯಸುತ್ತಾಳೆ. ರೋಗಿ ಗುಣವಾಗಲೆಂದು ಹಂಬಲಿಸುತ್ತಾಳೆ. ಯೌವನದವನ ಸುಖ ಬಹುಕಾಲ ಬಾಳಲೆನ್ನುತ್ತಾಳೆ. ನಾಲ್ಕನೆಯವನ ವಿಷಯದಲ್ಲಿ ನಿಶ್ಚಿಂತಳಾಗಿರುತ್ತಾಳೆ. ಆ ನಿಶ್ಚಿಂತೆ ಪ್ರೀತಿ ಕಡಿಮೆಯಾದದ್ದರಿಂದ ಬಂದದ್ದಲ್ಲ. ವೈದ್ಯರು ಹೇಳಿದ್ದನ್ನೆಲ್ಲ ಮಾಡಿಯಾದ ಮೇಲೆ, ಉಳಿದದ್ದು ತನ್ನ ಕೈಯಲ್ಲಿಲ್ಲವೆಂದು ತಿಳಿದು ಎರಡು ಗಂಟೆ ನಿದ್ರಿಸುವ ಸೊಸೆಯದ್ದೂ ಈ ಬಗೆಯ ಉಪೇಕ್ಷೆಯೇ ಎಂದು ನಾವು ತಿಳಿಯುತ್ತೇವೆ.

ಈ ಹಳೆಯ ವಿಂಗಡಣೆಗೆ ಹೊಸ ಕಾಲದ ಪ್ರಯೋಗಾಲಯದಿಂದಲೂ ಒಂದಿಷ್ಟು ಬೆಂಬಲ ದೊರೆತಿದೆ. ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ನರವಿಜ್ಞಾನಿ ಟಾನಿಯಾ ಸಿಂಗರ್ ಅವರು, ಜೀವವಿಜ್ಞಾನದ ಸಂಶೋಧನೆಯನ್ನು ಬಿಟ್ಟು ಟಿಬೆಟನ್ ಸಂಪ್ರದಾಯದ ಭಿಕ್ಷುವಾದ ಫ್ರಾನ್ಸಿನ ಮ್ಯಾಥ್ಯೂ ರಿಕಾರ್ ಅವರನ್ನು ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಪರೀಕ್ಷಿಸಿದರು. ಕರುಣೆಯ ಧ್ಯಾನವನ್ನು ಬದಿಗಿಟ್ಟು ಇತರರ ನೋವನ್ನು ಕೇವಲ ಅನುಭವಿಸುವಂತೆ ಕೇಳಿದಾಗ, ರುಮೇನಿಯಾದ ಅನಾಥಾಲಯಗಳ ಮಕ್ಕಳ ದುಃಸ್ಥಿತಿಯನ್ನು ಅವರು ಮನಸ್ಸಿಗೆ ತಂದುಕೊಂಡರು. ಸ್ವಲ್ಪ ಹೊತ್ತಿನಲ್ಲಿಯೇ ಅದು ಸಹಿಸಲಾಗದಂತಾಗಿ, ತಾವು ಪೂರ್ತಿ ಬಳಲಿದ್ದಾಗಿ ಅವರು ಬರೆದುಕೊಂಡಿದ್ದಾರೆ. ಅದೇ ಮಕ್ಕಳನ್ನು ಕುರಿತು ಕರುಣೆಯ ಧ್ಯಾನಕ್ಕೆ ಹೊರಳಿದಾಗ ಚಿತ್ರ ಬದಲಾಗಲಿಲ್ಲ, ನೋವೂ ಮರೆಯಾಗಲಿಲ್ಲ; ಆದರೆ ಮನಸ್ಸಿಗೆ ಬಲ ಮರಳಿತು. ಅನಂತರ ಓಲ್ಗಾ ಕ್ಲಿಮೆಕಿ, ಸಿಂಗರ್ ಮತ್ತು ಸಂಗಡಿಗರು ಸಾಮಾನ್ಯ ಜನರಿಗೂ ಇಂಥ ತರಬೇತಿ ಕೊಟ್ಟು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರರ ನೋವನ್ನು ತನ್ನದೆಂಬಂತೆ ಅನುಭವಿಸುವ ತರಬೇತಿಯಿಂದ ಸಂಕಟ ಹೆಚ್ಚಿತು. ಅದರ ಬೆನ್ನಿಗೇ ಕೊಟ್ಟ ಕರುಣೆಯ ತರಬೇತಿಯಿಂದ ಆ ಸಂಕಟ ಇಳಿದು, ಹಿತಕರ ಭಾವ ಹೆಚ್ಚಿತು. ಮಿದುಳಿನಲ್ಲಿ ಈ ಎರಡಕ್ಕೂ ಸ್ಪಂದಿಸಿದ ಭಾಗಗಳೇ ಬೇರೆಯಾಗಿದ್ದವು. ಭಾಗವಹಿಸಿದವರು ಆರೋಗ್ಯವಂತ ಮಹಿಳೆಯರು, ತರಬೇತಿಯ ಅವಧಿ ಚಿಕ್ಕದು. ಆದ್ದರಿಂದ ಇದನ್ನು ಯಾವುದೇ ಕಾಯಿಲೆಯ ಚಿಕಿತ್ಸೆಯೆಂದು ಹೊಗಳುವುದು ಅವಸರವಾದೀತು. ನಾವು ‘ಕರುಣೆಯಿಂದ ಬಳಲಿದೆವು’ ಎನ್ನುವಾಗ ಬಳಲಿಸಿದ್ದು ಕರುಣೆಯಲ್ಲ, ಅದರ ನೆರೆಯ ಶೋಕ ಎಂಬ ಹಳೆಯ ಮಾತಿಗೆ ಇದು ಸಾಕ್ಷಿ ನುಡಿಯುತ್ತದೆ, ಅಷ್ಟೇ.

ಹಾಗಾದರೆ ಅಭ್ಯಾಸದ ಕ್ರಮವೇನು? ಬುದ್ಧಘೋಷರ ಪ್ರಕಾರ ಮೈತ್ರಿಯ ಧ್ಯಾನ ತನ್ನಿಂದಲೇ ಆರಂಭವಾಗಬೇಕು. ನಮ್ಮ ಹೆಣ್ಣುಮಕ್ಕಳಿಗೆ ಈ ಮಾತು ಸ್ವಾರ್ಥದಂತೆ ಕೇಳಿಸಬಹುದು. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವುದೇ ಧರ್ಮವೆಂದು ಅವರಿಗೆ ಕಲಿಸಿದ್ದೇವಲ್ಲ. ಗ್ರಂಥದ ತರ್ಕ ಬೇರೆ. ನನಗೆ ಸುಖ ಬೇಕು, ದುಃಖ ಬೇಡ ಎಂಬುದನ್ನು ಸ್ಪಷ್ಟವಾಗಿ ಕಂಡವನಿಗೆ ಇತರ ಜೀವಿಗಳಿಗೂ ಹಾಗೆಯೇ ಎಂಬುದು ಹೊಳೆಯುತ್ತದೆ. ತಾನು ಇಲ್ಲಿ ಸಾಕ್ಷಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ತನ್ನ ಅನಂತರ ತಾನು ಗೌರವಿಸುವ ಗುರುವಿನಂಥವರು, ಆಮೇಲೆ ಅತ್ಯಂತ ಪ್ರಿಯರು, ಬಳಿಕ ಇತ್ತಲೂ ಅಲ್ಲದ ಅತ್ತಲೂ ಅಲ್ಲದ ಪರಿಚಿತರು, ಕೊನೆಗೆ ವೈರಿ. ವೈರಿಯಿಂದ ಆರಂಭಿಸಹೋದರೆ ಮನಸ್ಸು ಮುರಿಯುತ್ತದೆಂದು ಆಚಾರ್ಯರು ಎಚ್ಚರಿಸುತ್ತಾರೆ. ವೈರಿಯ ಹಂತದಲ್ಲಿ ಸಿಟ್ಟು ಎದ್ದರೆ ಬಲವಂತ ಮಾಡದೆ ಹಿಂದಿನ ಹಂತಕ್ಕೆ ಮರಳಿ, ಮನಸ್ಸು ಮೆತ್ತಗಾದ ಮೇಲೆ ಮತ್ತೆ ಬರಬೇಕು. ಸಿಟ್ಟು ಹಿಡಿದವನು ಇನ್ನೊಬ್ಬನಿಗೆ ಎಸೆಯಲು ಕೆಂಡ ಹಿಡಿದವನಂತೆ ಮೊದಲು ತನ್ನ ಕೈಯನ್ನೇ ಸುಟ್ಟುಕೊಳ್ಳುತ್ತಾನೆ ಎಂಬ ಹೋಲಿಕೆ ಇಲ್ಲಿ ಬರುತ್ತದೆ. ಯಾವುದೂ ಫಲಿಸದಿದ್ದರೆ ಆ ವ್ಯಕ್ತಿಗೆ ಏನಾದರೊಂದು ಉಡುಗೊರೆ ಕೊಡು ಎಂಬ ಸಲಹೆಯನ್ನೂ ಆಚಾರ್ಯರು ಕೊಡುತ್ತಾರೆ. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ನಾವು ಇದಕ್ಕಿಂತ ಉತ್ತಮವಾದ ಉಪಾಯವನ್ನು ಹೇಳಲಾರೆವು.

ಅಭ್ಯಾಸ ಎಲ್ಲಿಗೆ ತಲುಪಬೇಕು ಎಂಬುದಕ್ಕೆ ಗ್ರಂಥದಲ್ಲೊಂದು ಪರೀಕ್ಷೆಯಿದೆ. ತಾನು, ತನ್ನ ಪ್ರಿಯ, ಒಬ್ಬ ಸಾಮಾನ್ಯ ಪರಿಚಿತ, ಒಬ್ಬ ವೈರಿ, ಈ ನಾಲ್ವರು ಕುಳಿತಿರುವಲ್ಲಿಗೆ ದರೋಡೆಕೋರರು ಬಂದು ಬಲಿಗಾಗಿ ಒಬ್ಬನನ್ನು ಕೊಡು ಎನ್ನುತ್ತಾರೆ. ವೈರಿಯನ್ನು ಒಯ್ಯಿರಿ ಎಂದವನ ಮೈತ್ರಿ ಇನ್ನೂ ಮಾಗಿಲ್ಲ. ಅದನ್ನು ಯಾರೂ ಒಪ್ಪುತ್ತಾರೆ. ಆದರೆ ನನ್ನನ್ನೇ ಒಯ್ಯಿರಿ ಎಂದವನದೂ ಮಾಗಿಲ್ಲ! ನಾಲ್ವರಲ್ಲಿ ಯಾರನ್ನೂ ಕೊಡಲು ಮನಸ್ಸು ಬಾರದವನು ಮಾತ್ರ ಗಡಿಯನ್ನು ದಾಟಿದವನು. ಮನೆಯವರಿಗಾಗಿ ತಮ್ಮ ಆರೋಗ್ಯವನ್ನು ಬಲಿಗೊಡುವುದೇ ತ್ಯಾಗವೆಂದು ನಂಬಿದವರು ಈ ಭಾಗವನ್ನು ಎರಡು ಸಲ ಓದಲಿ ಎಂಬುದು ನಮ್ಮ ಕೋರಿಕೆ.

ನಮ್ಮ ಭಕ್ತರು ಇದನ್ನು ಬೆಳಗಿನ ಇಷ್ಟಲಿಂಗ ಪೂಜೆಯ ಅನಂತರ ಹತ್ತು ನಿಮಿಷ ಮಾಡಬಹುದು. ಬೆನ್ನು ನೇರವಾಗಿರಲಿ, ಉಸಿರು ಸಹಜವಾಗಿರಲಿ. ನಾನು ಕ್ಷೇಮವಾಗಿರಲಿ, ನನ್ನ ಮನಸ್ಸು ನೋವಿನಿಂದ ಬಿಡುಗಡೆ ಹೊಂದಲಿ ಎಂದು ತಮ್ಮದೇ ಮಾತಿನಲ್ಲಿ ಹಾರೈಸಿ, ಅದೇ ಹಾರೈಕೆಯನ್ನು ಗುರುವಿಗೆ, ಬಳಿಕ ಮನೆಯ ರೋಗಿಗೆ, ಬಳಿಕ ಔಷಧಿ ಅಂಗಡಿಯವನಂಥ ಪರಿಚಿತರಿಗೆ ಹರಿಸಬೇಕು. ವೈರಿಯ ಸರದಿ ಕೆಲವು ವಾರಗಳ ಅನಂತರ ಬಂದರೂ ಸಾಕು.

ಭರವಸೆಯ ಪ್ರಶ್ನೆ ಉಳಿಯಿತು. ದುಃಖವನ್ನೇ ಮೊದಲ ಸತ್ಯವೆಂದು ಸಾರಿದ ಧರ್ಮದಲ್ಲಿ ಭರವಸೆಗೆ ಎಲ್ಲಿ ಜಾಗ ಎಂದು ಕೆಲವರು ಕೇಳುವುದುಂಟು. ಅದೇ ವಿಸುದ್ಧಿಮಗ್ಗ ನಾಲ್ಕು ಸತ್ಯಗಳನ್ನು ರೋಗ, ರೋಗದ ಕಾರಣ, ರೋಗ ವಾಸಿಯಾಗುವಿಕೆ, ಔಷಧಿ ಎಂಬ ನಾಲ್ಕಕ್ಕೆ ಹೋಲಿಸುತ್ತದೆ. ಕಾಯಿಲೆಗೆ ಕಾರಣವಿದೆ ಎಂದಾಗಲೇ ಅದು ತೊಲಗುವ ದಾರಿಯೂ ಉಂಟು ಎಂದಾಗುತ್ತದೆ. ಬೌದ್ಧರ ಭರವಸೆಯ ನೆಲೆ ಅದು. ಹೀಗೆಯೇ ಆಗಬೇಕು ಎಂದು ಫಲಕ್ಕೆ ಅಂಟಿಕೊಂಡ ಆಸೆಯನ್ನು ಅವರು ಭರವಸೆಯಾಗಿ ಎಣಿಸುವುದಿಲ್ಲ.

ಅಂಗುತ್ತರ ನಿಕಾಯದಲ್ಲಿ ಬರುವ ದಂಪತಿಗಳ ಕಥೆಯೊಂದು ಇದಕ್ಕೆ ಅತ್ಯುತ್ತಮ ನಿದರ್ಶನ. ಭಗ್ಗರ ನಾಡಿನಲ್ಲಿ ನಕುಲಪಿತ ಎಂಬ ಗೃಹಸ್ಥ ಕಾಯಿಲೆಯಿಂದ ಸಾವಿನಂಚಿಗೆ ಬಂದಿದ್ದ. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಯಾವುದು? ನಿಮಗೇನೂ ಆಗುವುದಿಲ್ಲ, ನಾಳೆಯೇ ಎದ್ದು ಓಡಾಡುತ್ತೀರಿ! ಹೇಳುವವರಿಗೂ ಅದರಲ್ಲಿ ನಂಬಿಕೆಯಿರದು, ಕೇಳುವವರಿಗೂ ಇರದು. ಅವನ ಹೆಂಡತಿ ನಕುಲಮಾತೆ ಹಾಗೆ ಹೇಳಲಿಲ್ಲ. ಚಿಂತೆ ಹೊತ್ತುಕೊಂಡು ಸಾಯಬೇಡಿ ಎಂದು ತೊಡಗಿ, ಅವನು ಏನೇನು ಚಿಂತಿಸುತ್ತಿರಬಹುದೋ ಒಂದೊಂದನ್ನೂ ತಾನೇ ಎತ್ತಿ ಉತ್ತರಿಸಿದಳು. ತನಗೆ ಹತ್ತಿ ನೂಲುವುದೂ ಉಣ್ಣೆ ಹಿಂಜುವುದೂ ಚೆನ್ನಾಗಿ ಬರುತ್ತದೆ, ಮಕ್ಕಳನ್ನು ಸಾಕಿ ಮನೆ ನಡೆಸಬಲ್ಲೆ ಎಂಬುದು ಅವಳ ಮೊದಲ ಉತ್ತರ. ತನ್ನ ಶೀಲ ಕೆಡದು, ಧರ್ಮದ ದಾರಿಯಲ್ಲಿ ತಾನು ನೆಲೆ ಕಂಡಿದ್ದೇನೆ ಎಂಬುವು ಅನಂತರದವು. ಹೆಂಡತಿಯ ಮಾತು ಕೇಳುತ್ತಿದ್ದಂತೆ ಅವನ ಕಾಯಿಲೆ ಶಮನವಾಯಿತೆಂದು ಸುತ್ತ ಹೇಳುತ್ತದೆ. ಬಳಿಕ ಕೋಲೂರಿಕೊಂಡು ತನ್ನ ಬಳಿಗೆ ಬಂದವನಿಗೆ ಬುದ್ಧ, ನಿನ್ನ ಹಿತ ಬಯಸುವ, ನಿನಗೆ ತಿಳಿಹೇಳುವ ಇಂಥ ಹೆಂಡತಿಯನ್ನು ಪಡೆದದ್ದು ನಿನ್ನ ಭಾಗ್ಯ ಎಂದನಂತೆ.

ಮಾತಿನಿಂದ ಕಾಯಿಲೆ ವಾಸಿಯಾದೀತೇ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಕಾಯಕವೇ ಇಲ್ಲಿ ಭರವಸೆಯ ಮೊದಲ ಆಧಾರವಾಗಿ ಬಂದಿರುವುದು ಶರಣ ಪರಂಪರೆಯವರಾದ ನಮ್ಮ ಗಮನ ಸೆಳೆಯಿತು. ನಾಳೆಯನ್ನು ಕುರಿತು ಹುಸಿ ಹೇಳದೆ, ನಾಳೆ ಏನೇ ಬಂದರೂ ಯಾವುದು ಉಳಿಯುತ್ತದೆ ಎಂಬುದನ್ನು ಅವಳು ತೋರಿಸಿದಳು. ವೈದ್ಯರು ಕೈಚೆಲ್ಲಿದ ಮೇಲೆಯೂ ರೋಗಿಗೆ ಹೇಳಬಹುದಾದ ಸತ್ಯದ ಮಾತುಗಳು ಹಲವು ಇರುತ್ತವೆ: ಮೊಮ್ಮಗಳ ಓದು ನಿಲ್ಲುವುದಿಲ್ಲ, ಹೊಲದ ಸಾಲ ಇಷ್ಟು ತೀರಿದೆ, ನೋವಿಗೆ ಔಷಧಿಯುಂಟು, ನಾವು ಪಕ್ಕದಲ್ಲೇ ಇರುತ್ತೇವೆ.

ಇದುವರೆಗಿನದು ಒಂದು ಮನೆಯ ಸಂಕಟದ ಮಾತಾಯಿತು. ನಾಡಿಗೆ ನಾಡೇ ನೊಂದಾಗಲೂ ಈ ವಿದ್ಯೆ ನಿಲ್ಲುವುದೇ ಎಂದು ಕೇಳಿದರೆ ಕಾಂಬೋಡಿಯಾದ ಭಿಕ್ಷು ಮಹಾ ಘೋಷಾನಂದರ ಹೆಸರು ಹೇಳಬೇಕು. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಆ ದೇಶದ ಜನಸಂಖ್ಯೆಯ ಐದನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಸತ್ತರು. ವಿಹಾರಗಳು ನೆಲಸಮವಾದವು, ಭಿಕ್ಷುಗಳ ಕಾವಿಯನ್ನು ಕಳಚಿಸಲಾಯಿತು. ಆಗ ಥಾಯ್ಲೆಂಡಿನಲ್ಲಿದ್ದ ಘೋಷಾನಂದರು ತಮ್ಮ ಇಡೀ ಕುಟುಂಬವನ್ನು ಕಳೆದುಕೊಂಡರು. ಗಡಿಯ ನಿರಾಶ್ರಿತರ ಶಿಬಿರಗಳಿಗೆ ಹೋಗಿ ಅವರು ಹಂಚಿದ್ದು ಮೈತ್ರಿಸೂತ್ರವನ್ನು ಅಚ್ಚುಹಾಕಿಸಿದ ಚಿಕ್ಕ ಹಾಳೆಗಳನ್ನು. 1992ರಲ್ಲಿ, ನೆಲಬಾಂಬುಗಳು ಇನ್ನೂ ಹುದುಗಿದ್ದ ನೆಲದ ಮೇಲೆ, ನಿರಾಶ್ರಿತರನ್ನೂ ಭಿಕ್ಷುಗಳನ್ನೂ ಕೂಡಿಕೊಂಡು ಥಾಯ್ ಗಡಿಯಿಂದ ರಾಜಧಾನಿ ಫ್ನೋಮ್ ಪೆನ್‌ವರೆಗೆ ಅವರು ಕಾಲ್ನಡಿಗೆಯಲ್ಲಿ ಸಾಗಿದರು. ವರ್ಷಗಟ್ಟಲೆ ಬೇರೆಯಾಗಿದ್ದ ಬಂಧುಗಳು ದಾರಿಯಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡರು. 1994ರ ಯಾತ್ರೆ ಗುಂಡಿನ ಕಾಳಗದ ನಡುವೆ ಸಿಕ್ಕಿ ಯಾತ್ರಿಕರು ಪ್ರಾಣ ಕಳೆದುಕೊಂಡರೂ ನಡಿಗೆ ನಿಲ್ಲಲಿಲ್ಲ. 2007ರಲ್ಲಿ ತೀರಿಕೊಳ್ಳುವವರೆಗೂ ಒಂದೊಂದೇ ಹೆಜ್ಜೆ ಎಂಬುದು ಅವರ ಉಪದೇಶವಾಗಿತ್ತು.

ಇಷ್ಟು ದೂರ ಹೋಗದೆಯೂ ನೋಡಬಹುದು. 1960ರ ದಶಕದಲ್ಲಿ ನಮ್ಮ ರಾಜ್ಯ ಬೈಲಕುಪ್ಪೆಯಲ್ಲಿಯೂ ಮುಂಡಗೋಡದಲ್ಲಿಯೂ ಟಿಬೆಟನ್ ನಿರಾಶ್ರಿತರಿಗೆ ನೆಲೆ ಕೊಟ್ಟಿತು. ಕಾಡಿನಂಚಿನ ಆ ನೆಲದಲ್ಲಿ ಅವರು ಮುಸುಕಿನ ಜೋಳ ಬೆಳೆದರು, ಸೆರಾ, ದ್ರೆಪುಂಗ್, ಗಾಂದೆನ್ ಮಹಾವಿಹಾರಗಳನ್ನು ಹೊಸದಾಗಿ ಕಟ್ಟಿದರು. ಟಿಬೆಟ್‌ನ ಸೆರೆಮನೆಯಲ್ಲಿ ಹಲವು ವರ್ಷ ಕಳೆದು ಬಂದ ಒಬ್ಬ ಭಿಕ್ಷುವಿನ ಸಂಗತಿಯನ್ನು ದಲಾಯಿ ಲಾಮಾ ಅವರು ಮತ್ತೆಮತ್ತೆ ಹೇಳಿದ್ದಾರೆ. ಅಲ್ಲಿ ತಾನು ಕೆಲವು ಬಾರಿ ಅಪಾಯಕ್ಕೆ ಸಿಲುಕಿದ್ದೆ ಎಂದ ಆ ಭಿಕ್ಷು. ಪ್ರಾಣಾಪಾಯವೇ ಎಂದು ಕೇಳಿದರೆ, ತನ್ನನ್ನು ಹಿಂಸಿಸಿದವರ ಮೇಲಿನ ಕರುಣೆಯನ್ನು ಕಳೆದುಕೊಳ್ಳುವ ಅಪಾಯ ಎಂದನಂತೆ.

ಕಡೆಯದಾಗಿ ವ್ಯವಹಾರದ ಮಾತು. ಧ್ಯಾನ ಔಷಧಿಗೆ ಬದಲಿಯಲ್ಲ. ಎರಡು ವಾರಕ್ಕೂ ಮೀರಿ ನಿದ್ರೆ ಬಾರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಣ್ಣು ಮುಚ್ಚಿ ಕುಳಿತಾಗ ಹಳೆಯ ಆಘಾತದ ನೆನಪುಗಳು ನುಗ್ಗಿ ಬರುವವರು ಒಬ್ಬರೇ ಧ್ಯಾನಕ್ಕೆ ಕೂರುವುದು ಬೇಡ; ತಿಳಿದವರ ಜೊತೆಯಿರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯನ್ನು ನೋಡಲು ಹಣ್ಣು ಹಿಡಿದು ಬರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಮುಂದಿನ ಸಲ ಬಂದಾಗ ಎರಡು ಗಂಟೆ ರೋಗಿಯ ಬಳಿ ನೀವೇ ಕುಳಿತುಕೊಂಡು, ಆ ಮನೆಯ ಸೊಸೆಯನ್ನು ಮಲಗಲು ಕಳುಹಿಸಿ.